ಅನೇಕ್ ಕನ್ನಡ ಫಾಂಟ್: ಒಂದು ವರ್ಷ ಬಳಸಿದ ಮೇಲೆ

ನಮ್ಮ ಚಿಗವ್ವ ಗದಗ ಹತ್ತಿರದ ಊರಲ್ಲಿ ಹಿಂಡಿ ಮಾಡಿ ಮಾರುತ್ತಾಳೆ. ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಅಗಸಿ ಹಿಂಡಿ, ಪುಟಾಣಿ ಹಿಂಡಿ. ಮೈಸೂರು, ಬೆಂಗಳೂರು ಕಡೆಯವರಿಗೆ ಚಟ್ನಿಪುಡಿ ಅಂದರೆ ಗೊತ್ತಾಗುತ್ತದೆ. ಹೋದ ವರ್ಷ ಅವಳು ಪಾಕೀಟಿಗೆ ಒಂದು ಲೇಬಲ್ ಮಾಡಿಕೊಡು ಅಂದಳು. ನಾನು ಧಾರವಾಡದಲ್ಲಿ ಅಪ್ಲೈಡ್ ಆರ್ಟ್ ಓದುತ್ತಿದ್ದೇನೆ, ಮೂರನೇ ವರ್ಷ. ಅದೇ ಸೆಮಿಸ್ಟರ್‌ನಲ್ಲಿ ನಮಗೆ ಐಡೆಂಟಿಟಿ ಡಿಸೈನ್ ಇತ್ತು. ಲೋಗೋ, ಲೇಬಲ್, ವಿಜಿಟಿಂಗ್ ಕಾರ್ಡ್, ಅಂಗಡಿ ಮುಂದೆ ನಿಲ್ಲಿಸುವ ಒಂದು ಸ್ಟ್ಯಾಂಡಿ ಬೋರ್ಡ್, ಇನ್‌ಸ್ಟಾಗ್ರಾಂಗೆ ನಾಲ್ಕಾರು ಪೋಸ್ಟ್. ಎಲ್ಲವೂ ಒಂದೇ ಮನೆಯ ಮಕ್ಕಳ ತರ ಕಾಣಬೇಕು. ಹಾಗಾಗಿ ಚಿಗವ್ವನ ಹಿಂಡಿಯನ್ನೇ ಪ್ರಾಜೆಕ್ಟ್ ಮಾಡಿಕೊಂಡೆ.

ಆ ಕೆಲಸಕ್ಕೆ ಹುಡುಕುವಾಗ ಸಿಕ್ಕಿದ್ದು ಅನೇಕ್ ಕನ್ನಡ ಅನ್ನುವ ಫಾಂಟ್. ಅವತ್ತಿನಿಂದ ಇವತ್ತಿನವರೆಗೆ ಹೆಚ್ಚುಕಡಿಮೆ ಎಲ್ಲಾ ಕೆಲಸಕ್ಕೂ ಅದನ್ನು ಬಳಸಿದ್ದೇನೆ. ಕನ್ನಡದಲ್ಲಿ ಫಾಂಟ್ ಬಗ್ಗೆ ಬಳಸಿದವರು ಬರೆಯುವುದು ಕಡಿಮೆ, ಅಲ್ವಾ? ಅದಕ್ಕೇ ಇಷ್ಟು ಉದ್ದವಾಗಿ ಬರೆಯುತ್ತಿದ್ದೇನೆ.

ಅನೇಕ್ ಅನ್ನು ಮಾಡಿದ್ದು ಮುಂಬೈನ ಏಕ್ ಟೈಪ್ ತಂಡ. 2022ರಲ್ಲಿ ಬಂತು. ಹತ್ತು ಲಿಪಿಗಳಲ್ಲಿ ಇದೆ: ಕನ್ನಡ, ತೆಲುಗು, ತಮಿಳು, ಮಲಯಾಳಂ, ದೇವನಾಗರಿ, ಬಾಂಗ್ಲಾ, ಒಡಿಯಾ, ಗುಜರಾತಿ, ಗುರುಮುಖಿ, ಜೊತೆಗೆ ಇಂಗ್ಲಿಷ್. ಕನ್ನಡದ ಅಕ್ಷರಗಳನ್ನು ವಿನ್ಯಾಸ ಮಾಡಿದವರು ವೈಷ್ಣವಿ ಮೂರ್ತಿ. ತುಳು-ತಿಗಳಾರಿ ಅನ್ನುವ ಹಳೆಯ ಲಿಪಿಯನ್ನು, ಕಂಪ್ಯೂಟರುಗಳೆಲ್ಲಾ ಅಕ್ಷರಕ್ಕೆ ಬಳಸುವ ಒಂದೇ ಸಂಕೇತಪಟ್ಟಿಯಾದ ಯೂನಿಕೋಡ್‌ಗೆ ಸೇರಿಸಲು ಪ್ರಸ್ತಾವ ಬರೆದವರಲ್ಲಿ ಇವರೂ ಒಬ್ಬರು. 2024ರಲ್ಲಿ ಬಂದ ಯೂನಿಕೋಡ್ 16ರಲ್ಲಿ ಆ ಲಿಪಿ ಸೇರಿತು. ಹಳೆಯ ಬರಹವನ್ನು ಅಷ್ಟು ಹತ್ತಿರದಿಂದ ನೋಡಿದವರ ಕೈ ಅನ್ನುವುದು ಈ ಅಕ್ಷರಗಳಲ್ಲಿ ಗೊತ್ತಾಗುತ್ತದೆ ಅಂತ ನನಗೆ ಅನ್ನಿಸುತ್ತದೆ.

ಗೂಗಲ್ ಫಾಂಟ್ಸ್‌ನಲ್ಲಿ ಇದು ಉಚಿತ. ಲೈಸೆನ್ಸ್ ಓಪನ್ ಫಾಂಟ್ ಲೈಸೆನ್ಸ್. ಅಂದರೆ ಲೋಗೋಗೆ ಬಳಸಬಹುದು, ಪಾಕೀಟಿನ ಮೇಲೆ ಅಚ್ಚು ಹಾಕಿ ಮಾರಬಹುದು, ಯಾರನ್ನೂ ಕೇಳಬೇಕಾಗಿಲ್ಲ. ಫಾಂಟ್ ಫೈಲನ್ನಷ್ಟೇ ಬಿಡಿಯಾಗಿ ಮಾರುವ ಹಾಗಿಲ್ಲ. ಸ್ಟೂಡೆಂಟ್‌ಗಳಿಗೆ ಇದು ಚಿಕ್ಕ ವಿಷಯ ಅಲ್ಲ. ಕ್ಲೈಂಟ್ ಮುಂದೆ ಧೈರ್ಯವಾಗಿ ಕೂರಬಹುದು.

ಈಗ ಮುಖ್ಯ ವಿಷಯ. ಈ ಫಾಂಟಿನಲ್ಲಿ ದಪ್ಪ ಮಾತ್ರ ಅಲ್ಲ, ಅಗಲವನ್ನೂ ಬದಲಿಸಬಹುದು. ದಪ್ಪ 100ರಿಂದ 800ರವರೆಗೆ, ಅಗಲ 75ರಿಂದ 125ರವರೆಗೆ. ಎಂಟು ದಪ್ಪ, ಐದು ಅಗಲ, ಒಟ್ಟು ನಲವತ್ತು ಬಗೆ. ವೇರಿಯಬಲ್ ಫೈಲ್ ಹಾಕಿಕೊಂಡರೆ ಇವುಗಳ ನಡುವೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು.

ಇದರಿಂದ ಏನು ಉಪಯೋಗ ಅಂತ ನನಗೆ ಸರಿಯಾಗಿ ತಿಳಿದದ್ದು ಚಿಗವ್ವನ ಲೇಬಲ್ ಮಾಡುವಾಗ. ಲೇಬಲ್ ಅಗಲ ಎಂಟು ಸೆಂಟಿಮೀಟರ್. 'ಅಗಸಿ ಹಿಂಡಿ' ಚಿಕ್ಕ ಹೆಸರು. 'ಗುರೆಳ್ಳ ಹಿಂಡಿ', 'ಪುಟಾಣಿ ಹಿಂಡಿ' ಉದ್ದ. ನಾಲ್ಕು ಪಾಕೀಟು ಅಂಗಡಿಯಲ್ಲಿ ಪಕ್ಕಪಕ್ಕ ಕೂತಾಗ ನಾಲ್ಕೂ ಹೆಸರಿನ ಎತ್ತರ ಒಂದೇ ಇರಬೇಕು. ಇಂಥ ಕಡೆ ಸಾಮಾನ್ಯವಾಗಿ ಏನು ಮಾಡುತ್ತಾರೆ? ಉದ್ದದ ಹೆಸರನ್ನು ಮೌಸಿನಲ್ಲಿ ಹಿಡಿದು ಪಕ್ಕದಿಂದ ಒತ್ತುತ್ತಾರೆ. ಆಗ ನಿಂತ ಗೆರೆ ಸಣ್ಣಗಾಗುತ್ತದೆ, ಮಲಗಿದ ಗೆರೆ ದಪ್ಪಗೇ ಉಳಿಯುತ್ತದೆ. ಕನ್ನಡದ ಅಕ್ಷರ ಎಲ್ಲಾ ದುಂಡು. 'ರ' ಒತ್ತಿದರೆ ಎರಡೂ ಕಡೆಯಿಂದ ಹಿಸುಕಿದ ನಿಂಬೆಹಣ್ಣು ಆಗುತ್ತದೆ. ಹೆದ್ದಾರಿ ಪಕ್ಕದ ಬೋರ್ಡುಗಳನ್ನು ಒಮ್ಮೆ ಗಮನಿಸಿ, ಹೀಗೆ ಹಿಸುಕಿದ ಅಕ್ಷರ ಎಷ್ಟೋ ಕಾಣುತ್ತವೆ.

ಅನೇಕ್‌ನಲ್ಲಿ ಅಗಲ ಇಳಿಸಿದರೆ ಗೆರೆಯ ದಪ್ಪ ಹಾಳಾಗುವುದಿಲ್ಲ. ಯಾಕೆಂದರೆ ಆ ಕಿರಿದಾದ 'ರ'ವನ್ನು ಬೇರೆಯಾಗಿಯೇ ಬರೆದಿದ್ದಾರೆ. ಕಿರಿದಾದಷ್ಟೂ ಅಕ್ಷರದ ಪಕ್ಕಗಳು ನೇರವಾಗುತ್ತವೆ, ಮೇಲೆ ಕೆಳಗೆ ಮಾತ್ರ ದುಂಡು ಉಳಿಯುತ್ತದೆ. ಥೇಟ್ ಕ್ಯಾಪ್ಸೂಲ್ ಗುಳಿಗೆಯ ಆಕಾರ. ತಲೆಕಟ್ಟು ಮಾತ್ರ ಅದೇ ಗತ್ತಿನಲ್ಲಿ ಕೂತಿರುತ್ತದೆ. ನಾನು 'ಅಗಸಿ ಹಿಂಡಿ'ಗೆ ಅಗಲ 100 ಇಟ್ಟೆ, 'ಗುರೆಳ್ಳ ಹಿಂಡಿ'ಗೆ 88. ನಾಲ್ಕೂ ಲೇಬಲ್ ಒಂದೇ ಸಾಲಿನಲ್ಲಿ ಜೋಡಿಸಿ ಗೆಳತಿಗೆ ತೋರಿಸಿದೆ. ಅಗಲ ಬೇರೆ ಬೇರೆ ಅಂತ ಅವಳಿಗೆ ಗೊತ್ತೇ ಆಗಲಿಲ್ಲ. ನನಗೆ ಬೇಕಾಗಿದ್ದೂ ಅದೇ.

ಲೋಗೋದಲ್ಲಿ ಮಾತ್ರ ಒಮ್ಮೆ ದಾರಿ ತಪ್ಪಿದೆ. ಹೆಸರು ನಮ್ಮ ಮನೆತನದ್ದು, ಅದರಲ್ಲಿ 'ಟ್ಟ' ಬರುತ್ತದೆ. ಮೊದಲ ಸಲ ಎಲ್ಲಕ್ಕಿಂತ ಅಗಲದ, ಎಲ್ಲಕ್ಕಿಂತ ದಪ್ಪದ ಅಕ್ಷರ ಹಾಕಿದ್ದೆ. ಪರದೆಯ ಮೇಲೆ ಜೋರಾಗಿ ಕಾಣುತ್ತಿತ್ತು. ಪ್ರಿಂಟ್ ತೆಗೆದು ಊರಿಗೆ ಒಯ್ದೆ. ಚಿಗವ್ವ ಕನ್ನಡಕ ಹಾಕಿಕೊಂಡು ಸ್ವಲ್ಪ ಹೊತ್ತು ನೋಡಿದಳು.

"ಏನವಾ ಇದು, ಅಕ್ಷರ ಎಲ್ಲಾ ಪೂರಿ ಉಬ್ಬಿದಂಗ ಆಗ್ಯಾವಲ್ಲ."

ಅವಳು ಹೇಳಿದ್ದು ಸರಿ ಇತ್ತು. ಅಷ್ಟು ದಪ್ಪದಲ್ಲಿ ಅಕ್ಷರದ ಹೊಟ್ಟೆಯೊಳಗಿನ ಜಾಗ ತುಂಬಿ ಬಂದಿತ್ತು, ಕೆಳಗಿನ ಒತ್ತು ಒಂದು ಗಡ್ಡೆಯ ಹಾಗೆ ಕಾಣುತ್ತಿತ್ತು. ದಪ್ಪವನ್ನು 800ರಿಂದ 640ಕ್ಕೆ ಇಳಿಸಿದೆ, ಅಗಲವನ್ನು 110ಕ್ಕೆ. ಒತ್ತಕ್ಷರ ಉಸಿರಾಡಿತು. ಎರಡನೇ ಪ್ರಿಂಟ್ ನೋಡಿ, "ಈಗ ನೋಡ, ನಮ್ಮ ಹೆಸರು ನಮ್ಮ ಹೆಸರಿನಂಗ ಕಾಣ್ತದ" ಅಂದಳು. ಕಾಲೇಜಿನ ಮಾರ್ಕ್ಸ್‌ಗಿಂತ ಆ ಮಾತು ನನಗೆ ಜಾಸ್ತಿ.

ಇಂಗ್ಲಿಷ್ ಅಕ್ಷರಗಳ ಬಗ್ಗೆಯೂ ಹೇಳಲೇಬೇಕು. ತಿಂಡಿ ಪಾಕೀಟಿನ ಮೇಲೆ ಕಡ್ಡಾಯವಾಗಿ ಬರೆಯಬೇಕಾದ ವಿವರ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರಲೇಬೇಕು ಅಂತ ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐ ನಿಯಮ. ಜೊತೆಗೆ ಬೇರೆ ಭಾಷೆ ಬಳಸಲು ಅಡ್ಡಿ ಇಲ್ಲ. ಹಾಗಾಗಿ ನಮ್ಮ ಲೇಬಲ್ಲಿನಲ್ಲಿ ಎರಡು ಲಿಪಿ ಇರುವುದು ಖಾತ್ರಿ. ಹೆಚ್ಚಿನ ಕಡೆ ಏನಾಗುತ್ತದೆ ಅಂದರೆ, ಇಂಗ್ಲಿಷ್ ಲೋಗೋ ಮೊದಲು ಚೆಂದ ಮಾಡಿ, ಕನ್ನಡವನ್ನು ಕೊನೆಗೆ ಯಾವುದೋ ಫಾಂಟಿನಲ್ಲಿ ತಂದು ಕೂರಿಸುತ್ತಾರೆ. ಕನ್ನಡ ನೆಂಟರ ಮನೆಗೆ ಬಂದ ಹಾಗೆ ಮೂಲೆಯಲ್ಲಿ ನಿಲ್ಲುತ್ತದೆ. ಇಲ್ಲಿ ಎರಡೂ ಒಂದೇ ಫೈಲಿನಲ್ಲಿವೆ, ಗೆರೆಯ ದಪ್ಪ ಎರಡರಲ್ಲೂ ಹೊಂದುತ್ತದೆ. ಆದ್ದರಿಂದ ನಾನು ಕನ್ನಡದಿಂದ ಶುರು ಮಾಡಿದೆ. ಮೊದಲು ಕನ್ನಡದ ಹೆಸರಿಗೆ ಜಾಗ, ದಪ್ಪ, ಅಗಲ ಎಲ್ಲಾ ನಿಕ್ಕಿ ಮಾಡಿ, ಅದಕ್ಕೆ ತಕ್ಕ ಹಾಗೆ ಇಂಗ್ಲಿಷನ್ನು ಕೂರಿಸಿದೆ. ಈ ಫಾಂಟ್ ನನಗೆ ಕೊಟ್ಟ ದೊಡ್ಡ ಅನುಕೂಲ ಇದೇ. ಈಗ ಕರ್ನಾಟಕದಲ್ಲಿ ಅಂಗಡಿ ಬೋರ್ಡಿನಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕು ಅಂತ 2024ರ ತಿದ್ದುಪಡಿ ಕಾಯ್ದೆ ಹೇಳುತ್ತದೆ. ಬೋರ್ಡ್ ಡಿಸೈನ್ ಮಾಡುವವರು ಹೇಗೂ ಕನ್ನಡವನ್ನು ದೊಡ್ಡದಾಗಿ ಬರೆಯಲೇಬೇಕು. ಬರೆಯುವುದೇ ಆದರೆ ಚೆಂದವಾಗಿ ಬರೆಯೋಣ.

ಇನ್ನು ಪೋಸ್ಟರ್. ನವೆಂಬರ್ 1ರ ರಾಜ್ಯೋತ್ಸವಕ್ಕೆ ಕಾಲೇಜಿನ ಫ್ಲೆಕ್ಸ್ ನನ್ನ ಪಾಲಿಗೆ ಬಂತು, 6×4 ಅಡಿ. ಮೇಲಿನ ಸಾಲು 'ಕನ್ನಡ', ಕೆಳಗಿನ ಸಾಲು 'ಗೀತೆಗಳು'. ಇಂಗ್ಲಿಷ್ ಪೋಸ್ಟರ್ ನೋಡಿ ಕಲಿತವರು ಸಾಲುಗಳನ್ನು ಬಿಗಿಯಾಗಿ ಕಟ್ಟುತ್ತೇವೆ. ಕನ್ನಡದಲ್ಲಿ ಅದು ಸುಮ್ನೆ ಆಗುವ ಕೆಲಸ ಅಲ್ಲ. ಮೇಲಿನ ಸಾಲಿನ 'ನ್ನ' ಒತ್ತು ಇಳಿದು ಕೆಳಗಿನ 'ಗೀ' ಗುಡಿಸಿಗೆ ತಾಗುತ್ತಿತ್ತು. ಕೆಳಗಿನ ಸಾಲನ್ನು ಸ್ವಲ್ಪ ಬಲಕ್ಕೆ ತಳ್ಳಿದೆ. ಗುಡಿಸು ಒತ್ತಿನ ಪಕ್ಕಕ್ಕೆ ಸರಿಯಿತು, ಒತ್ತು 'ಗೀ'ಯ ಎಡಕ್ಕಿದ್ದ ಖಾಲಿ ಜಾಗದಲ್ಲಿ ಇಳಿದು ಕೂತಿತು. ಎರಡೂ ಸಾಲು ಕೈಕೈ ಹಿಡಿದ ಹಾಗಾಯಿತು. ಇಂಥ ಹೊಂದಾಣಿಕೆ ಯಾವ ಫಾಂಟೂ ತಾನಾಗಿ ಮಾಡಿಕೊಡುವುದಿಲ್ಲ. ಆದರೆ ಇಲ್ಲಿ ಅಗಲವನ್ನು ಎರಡು ಮೂರು ಅಂಕಿ ಹಿಗ್ಗಿಸಿದರೂ ಒತ್ತು ಅತ್ತಿತ್ತ ಸರಿಯುತ್ತದೆ, ಹಾಗಾಗಿ ದಾರಿ ಜಾಸ್ತಿ.

ಆ ಫ್ಲೆಕ್ಸ್ ಒಂದು ಪಾಠವನ್ನೂ ಕಲಿಸಿತು. ಅವಸರದಲ್ಲಿ ಫೈಲನ್ನು ಹಾಗೇ ಪ್ರಿಂಟ್ ಅಂಗಡಿಗೆ ಕಳಿಸಿದ್ದೆ, ಅಕ್ಷರಗಳನ್ನು ಕರ್ವ್ಸ್ ಮಾಡಿರಲಿಲ್ಲ, ಅಂದರೆ ಫಾಂಟ್ ಇಲ್ಲದೆಯೂ ಹಾಗೇ ಕಾಣುವಂತೆ ಬರೀ ಆಕಾರಗಳಾಗಿ ಬದಲಿಸಿರಲಿಲ್ಲ. ಅವರ ಕಂಪ್ಯೂಟರಿನಲ್ಲಿ ಈ ಫಾಂಟ್ ಇರಲಿಲ್ಲ, ಸಾಫ್ಟ್‌ವೇರೂ ಹಳೆಯದು. 'ರಾಜ್ಯೋತ್ಸವ' ಅನ್ನುವುದು 'ರಾಜ್‌ಯೋತ್‌ಸವ' ಅಂತ ಒಡೆದು ಅಚ್ಚಾಗಿ ಬಂತು. ಒತ್ತೆಲ್ಲಾ ಬಿಡಿಸಿಕೊಂಡು ಸಾಲಿನಲ್ಲಿ ನಿಂತಿದ್ದವು. ರಾಜ್ಯೋತ್ಸವದ ಹಿಂದಿನ ಸಂಜೆ ಅದನ್ನು ನೋಡಿ ಕಣ್ಣಲ್ಲಿ ನೀರು ಬಂತು. ರಾತ್ರಿಯೇ ಕೂತು ಕರ್ವ್ಸ್ ಮಾಡಿ, ಮತ್ತೆ ದುಡ್ಡು ಕೊಟ್ಟು ಹಾಕಿಸಿದೆವು. ನಮ್ಮ ಕಡೆಯ ಎಷ್ಟೋ ಪ್ರಿಂಟ್ ಅಂಗಡಿಗಳು ಇನ್ನೂ ಯೂನಿಕೋಡ್‌ಗಿಂತ ಮುಂಚಿನ ಫಾಂಟುಗಳಲ್ಲೇ ಕೆಲಸ ಮಾಡುತ್ತವೆ. ಅವರಿಗೆ ಕೊಡುವಾಗ ಕರ್ವ್ಸ್ ಮಾಡಿದ ಪಿಡಿಎಫ್ ಕೊಡಿ. ಜೊತೆಗೆ ಒಂದು ಜೆಪೆಗ್ ಕೊಟ್ಟು, 'ಹೀಗೇ ಬರಬೇಕು' ಅಂತ ಹೇಳಿ.

ಸಾಫ್ಟ್‌ವೇರ್ ವಿಷಯಕ್ಕೆ ಬಂದರೆ, ಇಂಕ್‌ಸ್ಕೇಪ್‌ನಲ್ಲಿ ಒತ್ತಕ್ಷರ ತಾನಾಗಿಯೇ ಸರಿಯಾಗಿ ಬರುತ್ತವೆ. ದಪ್ಪ, ಅಗಲ ಎರಡಕ್ಕೂ ಎಳೆಯುವ ಪಟ್ಟಿ ಸಿಗುತ್ತದೆ. ಕಾಲೇಜಿನ ಲ್ಯಾಬಿನಲ್ಲಿ ಇಲ್ಲಸ್ಟ್ರೇಟರ್ ಇದೆ. ಅಲ್ಲಿ ಮೊದಲು ಪ್ರಿಫರೆನ್ಸಸ್‌ನ ಟೈಪ್ ಭಾಗಕ್ಕೆ ಹೋಗಿ ಇಂಡಿಕ್ ಆಪ್ಷನ್ಸ್ ಆನ್ ಮಾಡಬೇಕು. ಆಮೇಲೆ ಪ್ಯಾರಾಗ್ರಾಫ್ ಪ್ಯಾನೆಲ್‌ನಲ್ಲಿ ಸೌತ್ ಏಷಿಯನ್ ಕಂಪೋಸರ್ ಆರಿಸಬೇಕು. ಇದನ್ನು ಮಾಡದೆ ಒತ್ತು ಒಡೆದರೆ ಫಾಂಟ್ ಸರಿ ಇಲ್ಲ ಅಂದುಕೊಳ್ಳಬೇಡಿ. ನಮ್ಮ ಕ್ಲಾಸಿನಲ್ಲಿ ಅರ್ಧ ಜನ ಹಾಗೆ ಅಂದುಕೊಂಡೇ ಕನ್ನಡದ ಕೆಲಸ ಬಿಟ್ಟಿದ್ದರು.

ಎಲ್ಲಿ ಹೊಂದುವುದಿಲ್ಲ ಅನ್ನುವುದನ್ನೂ ಹೇಳುತ್ತೇನೆ. ಮೊದಲನೆಯದು, ತೀರಾ ತೆಳುವಾದ ಅಕ್ಷರ. ಪರದೆಯ ಮೇಲೆ, ದೊಡ್ಡ ಪೋಸ್ಟರಿನಲ್ಲಿ ಚೆಂದ. ಸ್ಟಿಕರ್ ಪೇಪರಿನ ಮೇಲೆ ಬಣ್ಣದ ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಮಾಡಿದರೆ ಗೆರೆ ಮುಚ್ಚಿಹೋಗುತ್ತದೆ. ಎರಡನೆಯದು, ಕಿರಿದಾದ ದಪ್ಪ ಅಕ್ಷರವನ್ನು ಸಣ್ಣ ಸೈಜಿನಲ್ಲಿ ಹಾಕುವುದು. ಕಂದು ಬಣ್ಣದ ಕ್ರಾಫ್ಟ್ ಪೇಪರ್ ಇಂಕನ್ನು ಹೀರುತ್ತದೆ. ಅಲ್ಲಿ 8 ಪಾಯಿಂಟಿನಲ್ಲಿ ಬರೆದ 'ವಿಶೇಷ'ದ 'ಷ' ಒಳಗಿನ ಗೀಟು ಕಾಣದೆ 'ಪ' ಆಗಿತ್ತು. 'ಧ'ದ ಹೊಟ್ಟೆಯ ಸೀಳೂ ಹಾಗೆಯೇ ಮುಚ್ಚಿ 'ದ' ಆಗಿತ್ತು. ಅಲ್ಪಪ್ರಾಣ, ಮಹಾಪ್ರಾಣ ಅದಲುಬದಲಾದರೆ ಓದುವವರಿಗೆ ಕಿರಿಕಿರಿ. ಈಗ ಸಣ್ಣ ಅಕ್ಷರಕ್ಕೆ ಅಗಲ 100, ದಪ್ಪ 400 ಇಟ್ಟು, 9 ಪಾಯಿಂಟಿಗಿಂತ ಕೆಳಗೆ ಇಳಿಯುವುದಿಲ್ಲ.

ಓರೆ ಅಕ್ಷರ ಇದರಲ್ಲಿ ಇಲ್ಲ. ಕನ್ನಡಕ್ಕೆ ಅದು ಬೇಕೂ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಸ್ವಭಾವ ನೋಡಿದರೆ ಅನೇಕ್ ಚೊಕ್ಕ, ಶಿಸ್ತಿನ ಹುಡುಗಿ. ಮದುವೆ ಕಾರ್ಡಿಗೆ, ಜಾತ್ರೆಯ ಪೋಸ್ಟರಿಗೆ ಬೇಕಾಗುವ ಕುಂಚದ ಓಟ ಇಲ್ಲಿ ಸಿಗುವುದಿಲ್ಲ. ಊರ ಹನುಮಪ್ಪನ ಓಕುಳಿಗೆ ಪೋಸ್ಟರ್ ಮಾಡಿದಾಗ ತಲೆಬರಹವನ್ನು ಕೈಯಿಂದಲೇ ಬರೆದು ಸ್ಕ್ಯಾನ್ ಮಾಡಿದೆ. ತಾರೀಖು, ಸಮಯ, ಜಾಗ ಮಾತ್ರ ಅನೇಕ್‌ನಲ್ಲಿ ಹಾಕಿದೆ. ಆ ಜೋಡಿ ತುಂಬಾ ಚೆನ್ನಾಗಿ ಕೂತಿತು. ಮಕ್ಕಳ ಕೆಲಸಕ್ಕಾದರೆ ಅದೇ ಏಕ್ ಟೈಪ್‌ನವರ ಬಾಲೂ ತಮ್ಮ ಅನ್ನುವ ಫಾಂಟ್ ಇದೆ. ಗುಂಡುಗುಂಡಾಗಿ ಮುದ್ದಾಗಿದೆ, ಅದನ್ನು ಬಳಸಿ. ಪುಸ್ತಕದ ತರ ಉದ್ದದ ಓದಿಗೆ ನೋಟೋ ಸೆರಿಫ್ ಕನ್ನಡ ನನಗೆ ಇಷ್ಟ.

ಇನ್ನೊಂದು ಅನುಕೂಲ ಇದೆ. ಇದು ಯೂನಿಕೋಡ್ ಆದ್ದರಿಂದ ಪೋಸ್ಟರಿಗೆ ಟೈಪ್ ಮಾಡಿದ ಸಾಲನ್ನೇ ಕಾಪಿ ಮಾಡಿ ವಾಟ್ಸಾಪಿಗೆ, ಇನ್‌ಸ್ಟಾಗ್ರಾಂ ಕ್ಯಾಪ್ಷನ್‌ಗೆ ಹಾಕಬಹುದು, ಎರಡು ಸಲ ಟೈಪ್ ಮಾಡುವ ಕೆಲಸ ಇಲ್ಲ. ಚಿಗವ್ವನ ಮಗ ಆರ್ಡರ್ ತೆಗೆದುಕೊಳ್ಳಲು ಒಂದು ಪುಟ್ಟ ವೆಬ್‌ಸೈಟ್ ಮಾಡಿದಾಗ ಇದೇ ಫಾಂಟನ್ನು ಅಲ್ಲೂ ಹಾಕಿದ. ಪಾಕೀಟು, ಸ್ಟ್ಯಾಂಡಿ, ಫೋನು ಮೂರರಲ್ಲೂ ಒಂದೇ ಮುಖ.

ಮೊನ್ನೆ ಚಿಗವ್ವ ಫೋನ್ ಮಾಡಿದ್ದಳು. ಐದನೇ ಬಗೆ ಶುರು ಮಾಡುತ್ತಾಳಂತೆ, ಕರಿಬೇವಿನ ಹಿಂಡಿ. ಇಷ್ಟು ಉದ್ದದ ಹೆಸರು ಆ ಲೇಬಲ್ಲಿನಲ್ಲಿ ಹಿಡಿಸುತ್ತದೋ ಇಲ್ಲವೋ ಅಂತ ಅವಳಿಗೆ ಅನುಮಾನ. ಫೋನ್ ಕಿವಿಯಲ್ಲಿ ಇಟ್ಟುಕೊಂಡೇ ಹಳೆಯ ಫೈಲ್ ತೆಗೆದೆ, ಹೆಸರು ಬದಲಿಸಿದೆ, ಅಗಲವನ್ನು 79ಕ್ಕೆ ಎಳೆದೆ. ಎರಡೂ ಬದಿಗೆ ನಾಲ್ಕು ನಾಲ್ಕು ಮಿಲಿಮೀಟರ್ ಜಾಗ ಉಳಿಯಿತು. ಹಿಡಿತು ಚಿಗವ್ವ ಅಂದೆ.