ಅಗ್ಗದ ಡಯಲ್ ಗೇಜ್ ಮತ್ತು ಎಂಜಿಬಿಯ ಮುಂದಿನ ಡಿಸ್ಕ್

ಡಯಲ್ ಗೇಜ್ ಅಂದರೆ ತಿರುಗುವ ಡಿಸ್ಕ್ ಎಷ್ಟು ಓಲಾಡುತ್ತದೆ ಅನ್ನುವುದನ್ನು ಮುಳ್ಳಿನಿಂದ ತೋರಿಸುವ ಸಾಮಾನು. ಅದರ ಅಳತೆ, ಸೂಕ್ಷ್ಮತೆ ಎಲ್ಲ ಡಬ್ಬಿಯ ಮೇಲೇ ಇದೆ. ನಾನು ಬರೆಯುತ್ತಿರುವುದು ಅದನ್ನು ಹಿಡಿದು ನಿಲ್ಲಿಸುವ, ತಳದಲ್ಲಿ ಅಯಸ್ಕಾಂತವಿರುವ ಸ್ಟ್ಯಾಂಡಿನ ಮೇಲಿನ ಸಿಟ್ಟಿಗೆ.

ಮೊದಲು ಒಳ್ಳೆಯ ಮಾತು. ಸಂಡೂರಿನ ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ನನ್ನ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಎಂಜಿಬಿಯ ಸ್ಟೀರಿಂಗ್ ನಡುಗುತ್ತಿತ್ತು. ಬಳ್ಳಾರಿಯಲ್ಲಿ ಕೇಳಿದವರೆಲ್ಲ ಹೇಳಿದ್ದು ಒಂದೇ: 'ಡಿಸ್ಕ್ ಬೆಂಡಾಗೇತ್ರೀ, ಹೊಸಾದು ಹಾಕ್ರಿ.' 1980ಕ್ಕೇ ತಯಾರಿಕೆ ನಿಂತ ಗಾಡಿಗೆ ಇಂಗ್ಲೆಂಡಿನಿಂದ ಡಿಸ್ಕ್ ತರಿಸುವುದಕ್ಕಿಂತ ಎರಡು ಸಾವಿರದೊಳಗಿನ ಗೇಜೇ ವಾಸಿ ಅನ್ನಿಸಿತು.

ಈಗ ಅದೊಂದು ಭಾನುವಾರದ ಪೂಜೆ. ಬಿಸಿಲೇರುವ ಮೊದಲೇ ಚಕ್ರ ಬಿಚ್ಚಿ, ಸ್ಟ್ಯಾಂಡಿನ ತಳವನ್ನು ಹಳೇ ಬನಿಯನ್ನಿನಿಂದ ಒರೆಸುತ್ತೇನೆ. ನಮ್ಮೂರಿನ ಕೆಂಪು ಅದಿರಿನ ಧೂಳು ಅಯಸ್ಕಾಂತಕ್ಕೆ ಅಷ್ಟಾಗಿ ಹಿಡಿಯುವುದಿಲ್ಲ. ಕಾಟ ಕೊಡುವುದು ಡಿಸ್ಕ್ ಸವೆದ ಕಪ್ಪು ಪುಡಿ. ಒಂದು ಚಿಟಿಕೆ ಸಿಕ್ಕಿಕೊಂಡರೂ ತಳ ಅಲುಗುತ್ತದೆ. ಮೊದಲು ಚಕ್ರದ ಬೇರಿಂಗಿನ ಆಟ, ಅಂದರೆ ಅದರ ಸಡಿಲ, ನೋಡಿಕೊಳ್ಳಬೇಕು, ಇಲ್ಲದಿದ್ದರೆ ಅದೂ ಡಿಸ್ಕಿನ ಲೆಕ್ಕಕ್ಕೇ ಸೇರುತ್ತದೆ. ಆಮೇಲೆ ಅಯಸ್ಕಾಂತದ ಸ್ವಿಚ್ ತಿರುಗಿಸಿದರೆ 'ಟಕ್' ಅಂತ ತಳ ಕಚ್ಚಿಕೊಳ್ಳುತ್ತದೆ. ಮುಳ್ಳನ್ನು ಸೊನ್ನೆಗಿಟ್ಟು ಡಿಸ್ಕನ್ನು ಮೆಲ್ಲಗೆ ಒಂದು ಸುತ್ತು. ಪಕ್ಕದ ಲೇತ್ ಅಂಗಡಿಯವರು ಇಣುಕಿ, 'ಏನ್ರೀ, ಗಾಡಿ ನೋಡ್ತೀರೋ, ಗಡಿಯಾರ ನೋಡ್ತೀರೋ?' ಅಂತಾರೆ.

ಮುಳ್ಳು ಮೊದಲು 0.18 ಮಿ.ಮೀ. ಓಲಾಡಿತು. ಚಕ್ರ ಕೂರುವ ಹಬ್ ಬಿಚ್ಚಿ, ಅದಕ್ಕೂ ಡಿಸ್ಕಿಗೂ ನಡುವೆ ಪದರಗಟ್ಟಿದ್ದ ತುಕ್ಕು ಉಜ್ಜಿ, ಬೇರಿಂಗಿನ ಶಿಮ್ (ಸಡಿಲ ಸರಿಮಾಡುವ ತೆಳು ಬಿಲ್ಲೆ) ಸರಿಪಡಿಸಿ ಜೋಡಿಸಿದೆ. 0.05ಕ್ಕೆ ಇಳಿಯಿತು. ನಡುಕ ಹೋಯಿತು. ಡಿಸ್ಕ್ ಹಳೆಯದೇ.

ಸಂತೋಷ ಇಲ್ಲಿಗೇ ನಿಲ್ಲುತ್ತದೆ. ಸ್ಟ್ಯಾಂಡಿನ ತೋಳಿನ ಕೀಲು ಆರು ತಿಂಗಳಿಗೇ ಸಡಿಲ. ಡಿಸ್ಕ್ ಪೂರ್ತಿ ಸುತ್ತು ಬಂದರೂ ಮುಳ್ಳು ಸೊನ್ನೆಗೆ ಬರುವುದಿಲ್ಲ; ತೋಳು ತಾನೇ ಜಗ್ಗಿರುತ್ತದೆ. ಅಳೆಯುವ ಸಾಮಾನೇ ಅಲುಗಿದರೆ ಅಳೆದದ್ದನ್ನು ಏನಂತ ನಂಬುವುದು? ಕೊನೆಗೆ ಲೇತಿನವರೇ ಒಂದು ಬೋಲ್ಟು, ವಾಷರ್ ಹಾಕಿ ಬಿಗಿದುಕೊಟ್ಟರು, ದುಡ್ಡು ತಗೊಳ್ಳಲಿಲ್ಲ.

ಇನ್ನೊಂದು. ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತಿದ್ದರೆ ಈ ಗೇಜ್ ಕೊಳ್ಳಬೇಡಿ. ಜ್ಯಾಕ್ ಕೊಟ್ಟು, ಬ್ರೇಕ್ ಒತ್ತಿ ಬಿಟ್ಟು, ಚಕ್ರ ತಿರುಗಿಸಿ. ಬಿಗಿಯಾಗೇ ಉಳಿದರೆ ಬ್ಲೀಡ್ ನಿಪ್ಪಲ್, ಅಂದರೆ ಬ್ರೇಕ್ ಆಯಿಲ್ ಹೊರಬಿಡುವ ಸಣ್ಣ ತಿರುಪು, ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ಮೊದಲ ಅನುಮಾನ ಒಳಗೇ ಊದಿಕೊಂಡ ರಬ್ಬರ್ ಹೋಸಿನ ಮೇಲೆ. ಆಗಲೂ ಬಿಡದಿದ್ದರೆ ಡಿಸ್ಕನ್ನು ಅಮುಕುವ ಕ್ಯಾಲಿಪರಿನ ಪಿಸ್ಟನ್ ಕಚ್ಚಿಕೊಂಡಿರಬೇಕು. ಇಷ್ಟಕ್ಕೆ ಒಂದು ಸ್ಪ್ಯಾನರ್ ಸಾಕು.

ಗೇಜಿಗೆ ನಾಲ್ಕು ಸ್ಟಾರ್, ಸ್ಟ್ಯಾಂಡಿಗೆ ಒಂದೂವರೆ. ಗೇಜ್ ಮಾತ್ರ ಬಿಡಿಯಾಗಿ ಸಿಕ್ಕರೆ ತಗೊಳ್ಳಿ, ಸ್ಟ್ಯಾಂಡಿಗೆ ಇನ್ನೊಂದು ಸಾವಿರ ಹೆಚ್ಚು ಹಾಕಿ.