ಸ್ಟೀಲಿನ ಗ್ರೇನ್‌ಗಳು ಎಳೆತ ಹಂಚಿಕೊಳ್ಳುವುದನ್ನು ಅಳೆಯಲು ಯಾವ ದಾರಿ?

316ಎಲ್ ಅನ್ನೋ ಸ್ಟೇನ್‌ಲೆಸ್ ಸ್ಟೀಲಿನ ಪಟ್ಟಿಯನ್ನು ಶೇ 5ರಷ್ಟು ಎಳೆದರೆ ಒಳಗಿನ ಪ್ರತಿ ಗ್ರೇನೂ (ಲೋಹವನ್ನು ಕಟ್ಟಿರುವ ಸಣ್ಣ ಹರಳು) ಶೇ 5ರಷ್ಟೇ ಹಿಗ್ಗುತ್ತದೆ ಅಂತಲ್ಲ. 1938ರಲ್ಲಿ ಬ್ರಿಟಿಷ್ ವಿಜ್ಞಾನಿ ಜಿ.ಐ. ಟೇಲರ್ ತಮ್ಮ ಲೆಕ್ಕದಲ್ಲಿ ಎಲ್ಲ ಗ್ರೇನ್‌ಗಳೂ ಒಂದೇ ಸಮ ಹಿಗ್ಗುತ್ತವೆ ಅಂತ ಇಟ್ಟುಕೊಂಡರು. ಲೋಹ ಅಷ್ಟು ಮಾತು ಕೇಳುವುದಿಲ್ಲ. ಗ್ರೇನ್ ಶಾಶ್ವತವಾಗಿ ಹಿಗ್ಗುವುದು ಅದರ ಪರಮಾಣು ಪದರಗಳು ಒಂದರ ಮೇಲೊಂದು ಜಾರಿದಾಗ, ಅದೇ ಸ್ಲಿಪ್. ಒಂದು ಗ್ರೇನ್ ಸುಲಭವಾಗಿ ಜಾರುವ ಕೋನದಲ್ಲಿ ಕೂತಿರುತ್ತದೆ, ಪಕ್ಕದ್ದು ಹಟ ಹಿಡಿಯುತ್ತದೆ. ಜಾರುವ ಮುಂಚೆಯೂ ಅಷ್ಟೇ. ಈ ಸ್ಟೀಲಿನ ಹರಳು ಒಂದು ದಿಕ್ಕಿನಲ್ಲಿ ಇನ್ನೊಂದಕ್ಕಿಂತ ಸುಮಾರು 3 ಪಟ್ಟು ಬಿಗಿ. ಹುಬ್ಬಳ್ಳಿಯಲ್ಲಿ ವಾಲ್ವ್ ಮಾಡುವವರಿಗೆ ಈ ಸ್ಟೀಲ್ ಹೊಸದಲ್ಲ, ಪಟ್ಟಿ ಸಿಗುವುದು ಕಷ್ಟವೂ ಅಲ್ಲ. ಯಾವ ಗ್ರೇನ್ ಎಷ್ಟು ಹಿಗ್ಗಿತು ಅಂತ ಅಳೆಯುವುದೇ ತಲೆನೋವು.

ಎಲ್ಲಕ್ಕಿಂತ ಅಗ್ಗದ ದಾರಿ ಸ್ಲಿಪ್ ಗೆರೆ, ಅಂದರೆ ಜಾರಿದ ಕಡೆ ಮೇಲ್ಮೈಯಲ್ಲಿ ಏಳುವ ಸಣ್ಣ ಮೆಟ್ಟಿಲು, ನೋಡುವುದು. ಕನ್ನಡಿಯಂತೆ ಪಾಲಿಶ್ ಮಾಡಿ, ಎಳೆದು, ಸಾದಾ ಮೈಕ್ರೋಸ್ಕೋಪಿನ ಕೆಳಗೆ ಇಟ್ಟರೆ ಆಯ್ತು. ಯೂಯಿಂಗ್ ಮತ್ತು ರೋಸೆನ್‌ಹೈನ್ 1899ರಲ್ಲೇ ಇದನ್ನು ತೋರಿಸಿದ್ದರು. ಧಾರವಾಡದ ಯಾವ ಮೆಕ್ಯಾನಿಕಲ್ ವಿಭಾಗದಲ್ಲೂ ಮಾಡಬಹುದಾದ ಕೆಲಸ. ಯಾವ ಗ್ರೇನ್ ಮೊದಲು ಜಾರಿತು, ಎಷ್ಟು ದಿಕ್ಕಿನಲ್ಲಿ ಜಾರಿತು ಅಂತ ಗೊತ್ತಾಗುತ್ತದೆ. ಎಷ್ಟು ಜಾರಿತು ಅಂತ ಮಾತ್ರ ಗೊತ್ತಾಗುವುದಿಲ್ಲ. ಇನ್ನೊಂದು ತೊಡಕೂ ಇದೆ. ಜಾರುವ ದಿಕ್ಕು ಮೇಲ್ಮೈಗೆ ಸಮಾನಾಂತರ ಇದ್ದರೆ ಮೆಟ್ಟಿಲು ಏಳುವುದೇ ಇಲ್ಲ. ಆ ಗ್ರೇನ್ ಏನೂ ಮಾಡಿಲ್ಲ ಅನ್ನೋ ಹಾಗೆ ಸುಮ್ನೆ ಕೂತಿರುತ್ತದೆ.

ಅದೇ ಮೈಕ್ರೋಸ್ಕೋಪಿಗೆ ಡಿಐಸಿ (ಡಿಜಿಟಲ್ ಇಮೇಜ್ ಕೋರಿಲೇಶನ್, ಚಿತ್ರ ಹೋಲಿಸಿ ಅಳೆಯುವುದು) ಸೇರಿಸಿದರೆ ಅಂಕಿ ಸಿಗುತ್ತದೆ. ಎಳೆಯುವ ಮುಂಚಿನ ಚಿತ್ರ, ಎಳೆದ ನಂತರದ ಚಿತ್ರ, ಎರಡರಲ್ಲೂ ಮೇಲ್ಮೈಯ ಚುಕ್ಕಿಗಳು ಎಲ್ಲಿಂದ ಎಲ್ಲಿಗೆ ಸರಿದವು ಅಂತ ಸಾಫ್ಟ್‌ವೇರ್ ಹುಡುಕುತ್ತದೆ. ನಾನು ಬಳಸಿದ್ದು ಎನ್‌ಕಾರ್, ಬಿಟ್ಟಿಯಾಗಿ ಸಿಗುತ್ತದೆ, ಆದರೆ ಓಡಿಸಲು ಮ್ಯಾಟ್‌ಲ್ಯಾಬ್ ಬೇಕು. ಆದರೆ ಲೆಕ್ಕ ನೋಡಿ. ಒಂದು ಪಿಕ್ಸೆಲ್ 0.2 ಮೈಕ್ರಾನ್, ಹುಡುಕುವ ತುಂಡು 31 ಪಿಕ್ಸೆಲ್ ಅಗಲ ಅಂದರೆ ಸುಮಾರು 6 ಮೈಕ್ರಾನ್. 60 ಮೈಕ್ರಾನಿನ ಗ್ರೇನಿನಲ್ಲಿ ಅಡ್ಡಕ್ಕೆ ಹತ್ತು ಅಳತೆ ಸಿಕ್ಕರೆ ಹೆಚ್ಚು. ಗ್ರೇನಿಗೆ ಗ್ರೇನ್ ಹೋಲಿಸಲು ಪರವಾಗಿಲ್ಲ, ಒಳಗಿನ ಗೆರೆ ಕಾಣುವುದಿಲ್ಲ. ಜೊತೆಗೆ ಎಳೆದಂತೆಲ್ಲ ಮೇಲ್ಮೈ ಉಬ್ಬುತಗ್ಗಾಗಿ ಅರ್ಧ ಚಿತ್ರ ಫೋಕಸ್ ತಪ್ಪುತ್ತದೆ.

ಇನ್ನು ಇಬಿಎಸ್‌ಡಿ, ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಹರಳಿನ ದಿಕ್ಕು ಓದುವ ವಿಧಾನ. ನಮ್ಮ ಕಡೆ ಎಲ್ಲರಿಗೂ ಇದರ ಮೇಲೇ ಕಣ್ಣು. "ಸರ, ಇಬಿಎಸ್‌ಡಿ ಮಾಡಿಸಿದ್ರ ಸಾಕಲ್ರಿ?" ಅಂತ ಹುಡುಗರು ಕೇಳುತ್ತಲೇ ಇರುತ್ತಾರೆ. ನಾನು ಇದಕ್ಕೆ ಸ್ಯಾಂಪಲ್ ಡಬ್ಬಿ ಹಿಡಿದು ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಬೆಂಗಳೂರಿಗೆ ಹೋಗುತ್ತಿದ್ದೆ. ಸ್ಯಾಂಪಲ್ಲನ್ನು 70 ಡಿಗ್ರಿ ಓರೆ ಮಾಡಿ ಪ್ರತಿ ಬಿಂದುವಿನಲ್ಲೂ ಹರಳು ಯಾವ ಕಡೆ ತಿರುಗಿದೆ ಅಂತ ಓದುತ್ತದೆ. ಗ್ರೇನ್ ನಕ್ಷೆಗೆ ಇದನ್ನು ಮೀರಿಸುವುದು ಬೇರೊಂದಿಲ್ಲ. ಎಳೆದ ಮೇಲೆ ಅಕ್ಕಪಕ್ಕದ ಬಿಂದುಗಳ ನಡುವಿನ ಕೋನದ ವ್ಯತ್ಯಾಸ ತೆಗೆದು ಬಣ್ಣದ ನಕ್ಷೆ ಮಾಡಿ, "ಇಲ್ಲಿ ಎಳೆತ ಜಾಸ್ತಿ" ಅಂತ ಬರೆಯುವುದು ರೂಢಿ. ನನ್ನ ತಕರಾರು ಅಲ್ಲೇ. ಇಬಿಎಸ್‌ಡಿಗೆ ಕಾಣುವುದು ಒಳಗೆ ಸಿಕ್ಕಿಬಿದ್ದು ಹರಳನ್ನು ಬಾಗಿಸಿದ ಡಿಸ್‌ಲೊಕೇಶನ್‌ಗಳು (ಜಾರುವಿಕೆಯನ್ನು ಹೊತ್ತೊಯ್ಯುವ ಹರಳಿನ ದೋಷಗೆರೆಗಳು) ಮಾತ್ರ. ಗ್ರೇನ್ ದಾಟಿ ಹೊರಗೆ ಹೋದವು ಗುರುತೇ ಬಿಡುವುದಿಲ್ಲ. ಸಿದ್ಧಾರೂಢರ ಜಾತ್ರೆ ಮುಗಿದ ಮೇಲೆ ಉಳಿದ ಕಸ ನೋಡಿ ಎಷ್ಟು ಜನ ಬಂದಿದ್ದರು ಅಂತ ಹೇಳಿದ ಹಾಗೆ. ಚೆನ್ನಾಗಿ ಜಾರಿದ ಗ್ರೇನೇ ನಕ್ಷೆಯಲ್ಲಿ ತಣ್ಣಗೆ ನೀಲಿಯಾಗಿ ಕಾಣಬಹುದು. ಸಾಲದ್ದಕ್ಕೆ ಸಾಮಾನ್ಯ ಇಬಿಎಸ್‌ಡಿ ಅರ್ಧ ಡಿಗ್ರಿಗಿಂತ ಸಣ್ಣ ತಿರುವನ್ನು ನಂಬುವಂತೆ ಹೇಳುವುದಿಲ್ಲ. ಶೇ 1–2ರ ಎಳೆತದಲ್ಲಿ ಅದು ದೊಡ್ಡ ಕೊರತೆ.

ನನಗೆ ಹಿಡಿಸಿದ್ದು ಎಸ್‌ಇಎಂ (ಸ್ಕ್ಯಾನಿಂಗ್ ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಚಿತ್ರಗಳ ಮೇಲೆ ಮಾಡುವ ಡಿಐಸಿ. ಇದರ ಗುಟ್ಟೆಲ್ಲ ಚುಕ್ಕಿಯಲ್ಲಿದೆ. ಮೇಲ್ಮೈಗೆ ತೆಳ್ಳಗೆ ಚಿನ್ನ ಹಾಕಿ, ಸುಮಾರು 300 ಡಿಗ್ರಿಯಲ್ಲಿ ಬಿಸಿಯಿಟ್ಟು ನೀರಾವಿ ಹಾಯಿಸಿದರೆ ಚಿನ್ನದ ಪದರ ಒಡೆದು ಹತ್ತಾರು ನ್ಯಾನೋಮೀಟರಿನ ಹನಿಗಳಾಗುತ್ತದೆ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದವರು 2013ರಲ್ಲಿ ಇದನ್ನು ಸ್ಟೇನ್‌ಲೆಸ್ ಸ್ಟೀಲಿನ ಮೇಲೆ ಮಾಡಿ ತೋರಿಸಿದರು. ತಾಮ್ರಕ್ಕೆ ಇದೇ ಉಪಾಯ ಹೂಡಬೇಡಿ, ಆ ಬಿಸಿಗೆ ಮೇಲ್ಮೈ ಕಪ್ಪಾಗುತ್ತದೆ. ಒಂದು ಜಾಗದ ಚಿತ್ರ ತೆಗೆದು, ಪಟ್ಟಿಯನ್ನು ಎಸ್‌ಇಎಂನಿಂದ ಹೊರಗೆ ತೆಗೆದು ಎಳೆದು ತಂದು, ಮತ್ತೆ ಅದೇ ಜಾಗದ ಚಿತ್ರ. ಜಾಗ ಹುಡುಕಲು ಮೂಲೆಗಳಲ್ಲಿ ವಿಕರ್ಸ್ ಗುರುತು (ವಜ್ರದ ಮೊನೆಯಿಂದ ಒತ್ತಿದ ಸಣ್ಣ ಕುಳಿ) ಒತ್ತಿಟ್ಟರೆ ಜೀವ ಉಳಿಯುತ್ತದೆ. ಬೀಮ್ ಸರಿದರೆ ಸುಳ್ಳು ಎಳೆತ ಹುಟ್ಟುತ್ತದೆ, ಹಾಗಾಗಿ ಎಳೆಯದೆಯೇ ಎರಡು ಚಿತ್ರ ತೆಗೆದು ಎಷ್ಟು ಗದ್ದಲ ಇದೆ ಅಂತ ಮೊದಲೇ ನೋಡಬೇಕು. ಇಷ್ಟು ಪಾಡು ಪಟ್ಟರೆ ಸಿಗುವ ನಕ್ಷೆ ಬೇರೆಯೇ. ಗ್ರೇನ್ ಪೂರ್ತಿ ಹಿಗ್ಗಿರುವುದಿಲ್ಲ. ಸಪೂರ ಪಟ್ಟೆಗಳಲ್ಲಿ ಸರಾಸರಿಯ ಹಲವು ಪಟ್ಟು ಎಳೆತ, ನಡುವಿನ ಜಾಗದಲ್ಲಿ ಹೆಚ್ಚುಕಮ್ಮಿ ಸೊನ್ನೆ. ಟ್ವಿನ್ ಗಡಿಯ (ಹರಳಿನ ಒಂದಕ್ಕೊಂದು ಕನ್ನಡಿಬಿಂಬದಂತಿರುವ ಎರಡು ಭಾಗಗಳ ನಡುವಿನ ಗಡಿ) ಉದ್ದಕ್ಕೂ ಪಟ್ಟೆಗಳು ಸಾಲುಗಟ್ಟಿರುವುದು ಅಂಕಿಯಾಗಿ ಸಿಗುತ್ತದೆ.

ಹಾಗಂತ ಇಬಿಎಸ್‌ಡಿ ಬಿಡಿ ಅನ್ನುವುದಿಲ್ಲ. ಯಾವ ಪಟ್ಟೆ ಯಾವ ಸ್ಲಿಪ್ ಸಮತಲದ್ದು ಅಂತ ಹೇಳಲು ಹರಳಿನ ಕೋನ ಬೇಕೇ ಬೇಕು. ದುಡ್ಡು ಒಂದೇ ಸಲಕ್ಕೆ ಇದ್ದರೆ ಎಳೆಯುವ ಮುಂಚೆ, ಚಿನ್ನ ಹಾಕುವ ಮುಂಚೆ ಮಾಡಿಸಿ. ಚಿನ್ನ ಕೂತ ಮೇಲೆ ಇಬಿಎಸ್‌ಡಿ ಓದುವ ಎಲೆಕ್ಟ್ರಾನ್ ಪ್ಯಾಟರ್ನ್ ಮಸುಕಾಗುತ್ತದೆ.