ನೆಲದ ಬಾಡಿಗೆ ಕೇಳುವ ಹಾಡು

ಆಸ್ಟ್ರೇಲಿಯಾದ ರಾಕ್ ತಂಡ ಮಿಡ್‌ನೈಟ್ ಆಯಿಲ್ 1987ರಲ್ಲಿ ಹೊರತಂದ ‘ಡೀಸೆಲ್ ಆ್ಯಂಡ್ ಡಸ್ಟ್’ ಆಲ್ಬಮ್ಮಿನ ಹಳೆಯ ಸಿ.ಡಿ.ಯನ್ನು ನಾನು ಕೊಂಡದ್ದು ಅದರ ಮೊದಲ ಹಾಡು ‘ಬೆಡ್ಸ್ ಆರ್ ಬರ್ನಿಂಗ್’ಗಾಗಿ. ಬಾಗಲಕೋಟೆಯ ನವನಗರದ ನಮ್ಮ ಮನೆಯಲ್ಲಿ ಒಂದು ತಿಂಗಳಿನಿಂದ ಅದನ್ನು ದಿನವೂ ಕೇಳುತ್ತಿದ್ದೇನೆ.

ಹಾಡು ಇರುವುದು ಆಸ್ಟ್ರೇಲಿಯಾದ ಪಶ್ಚಿಮ ಮರುಭೂಮಿಯಲ್ಲಿ ಬದುಕಿದ್ದ ಪಿಂಟುಪಿ ಮೂಲನಿವಾಸಿಗಳ ಬಗ್ಗೆ. ಅವರನ್ನು ಅಲ್ಲಿನ ಸರ್ಕಾರ 1950 ಮತ್ತು 60ರ ದಶಕಗಳಲ್ಲಿ ಪಪುನ್ಯದಂಥ ವಸಾಹತುಗಳಿಗೆ ಸಾಗಿಸಿತ್ತು. ಅವರಲ್ಲಿ ಅನೇಕರು 1980ರ ದಶಕದ ಆರಂಭದಲ್ಲಿ ತಮ್ಮ ನೆಲವಾದ ಕಿಂಟೋರ್‌ಗೆ ಮರಳಿದರು. 1986ರಲ್ಲಿ ಪಪುನ್ಯದ ರಾಕ್ ತಂಡವಾದ ವಾರಂಪಿ ಬ್ಯಾಂಡಿನೊಂದಿಗೆ ಆ ದೂರದ ಊರುಗಳನ್ನು ಸುತ್ತಿ ಹಾಡಿ ಬಂದ ಮೇಲೆ ಮಿಡ್‌ನೈಟ್ ಆಯಿಲ್ ಈ ಆಲ್ಬಮ್ ಮಾಡಿದ್ದರಿಂದ, ಕಿಂಟೋರ್, ಯುಯೆಂಡುಮು ಎಂಬ ಊರ ಹೆಸರುಗಳೂ 45 ಡಿಗ್ರಿಯ ಬಿಸಿಲೂ ಹಾಡಿನಲ್ಲಿ ಕಣ್ಣಾರೆ ಕಂಡವರ ಮಾತಾಗಿ ಬರುತ್ತವೆ.

ತುತ್ತೂರಿಯ ಮೂರು ಜೋರಾದ ಸ್ವರಗಳಿಂದ ಹಾಡು ಎದ್ದು ನಿಲ್ಲುತ್ತದೆ. ಆಮೇಲೆ ಬೇಸ್ ಗಿಟಾರಿನ ನಡೆಯ ಮೇಲೆ ತಂಡದ ಗಾಯಕ ಪೀಟರ್ ಗ್ಯಾರೆಟ್ ಹಾಡುವುದಕ್ಕಿಂತ ಹೆಚ್ಚಾಗಿ ವಾದಿಸುತ್ತಾರೆ. ನೆಲ ಮೂಲನಿವಾಸಿಗಳದು, ಬಾಡಿಗೆಯನ್ನಾದರೂ ಕೊಡಬೇಕು, ಅವರದನ್ನು ಅವರಿಗೆ ಹಿಂದಿರುಗಿಸೋಣ ಎನ್ನುವಾಗ ತಂಡದವರು ತಮ್ಮನ್ನೂ ಸೇರಿಸಿಕೊಂಡು ‘ನಾವು’ ಎನ್ನುತ್ತಾರೆ. ಸರ್ಕಾರವನ್ನಷ್ಟೇ ಬೈದಿದ್ದರೆ ಹಾಡಿಗೆ ಈ ತೂಕ ಬರುತ್ತಿರಲಿಲ್ಲ.

ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಮನೆಯನ್ನು ಬಿಟ್ಟುಕೊಟ್ಟು ಬಂದವರು ನಾವು. ನಮಗೆ ಪರಿಹಾರ ಸಿಕ್ಕಿತು, ನಿವೇಶನ ಸಿಕ್ಕಿತು. ಪಿಂಟುಪಿಗಳ ಪಾಡನ್ನೂ ನಮ್ಮ ಮುಳುಗಡೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾರೆ. ಆದರೂ ಹಾಡಿನ ಅರ್ಥವನ್ನು ಹೇಳಿದಾಗ ಅವ್ವ ಮೆಣಸಿನಕಾಯಿಯ ತೊಟ್ಟು ಬಿಡಿಸುವುದನ್ನು ನಿಲ್ಲಿಸಿ, “ಮತ್ತ ಆ ಮಂದಿಗೆ ಬಾಡಿಗಿ ಕೊಟ್ರೇನ?” ಎಂದು ಕೇಳಿದಳು.

ನಾನು ಅವಳಿಗೆ ಹೇಳಿದ್ದು ಇಷ್ಟು: 2000ದ ಸಿಡ್ನಿ ಒಲಿಂಪಿಕ್ಸ್‌ನ ಸಮಾರೋಪದಲ್ಲಿ, ಮೂಲನಿವಾಸಿಗಳ ಕ್ಷಮೆ ಕೇಳಲು ಒಪ್ಪದಿದ್ದ ಪ್ರಧಾನಿ ಜಾನ್ ಹೊವಾರ್ಡ್ ಎದುರಿಗೇ, ‘ಸಾರಿ’ ಎಂದು ಬರೆದ ಕಪ್ಪು ಬಟ್ಟೆ ತೊಟ್ಟು ತಂಡ ಇದೇ ಹಾಡನ್ನು ಹಾಡಿತು, 2008ರ ಫೆಬ್ರುವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದಾಗ ಗ್ಯಾರೆಟ್ ಅದೇ ಸರ್ಕಾರದಲ್ಲಿ ಸಚಿವರಾಗಿದ್ದರು. ಬಾಡಿಗೆಯ ಪ್ರಶ್ನೆಗೆ ಇದು ಉತ್ತರವಲ್ಲವೆಂದು ಅವ್ವನಿಗೂ ಗೊತ್ತಾಯಿತು.

ಒಂದು ಕೊರತೆ ಇದೆ. ಪಲ್ಲವಿ ಎಷ್ಟು ಸಲೀಸಾಗಿ ಬಾಯಿಗೆ ಹತ್ತುತ್ತದೆಂದರೆ ಅರ್ಥ ತಿಳಿಯದೆಯೂ ಕುಣಿಯಬಹುದು. ನನ್ನ ಪ್ರತಿಯಲ್ಲಿ ಸಾಹಿತ್ಯದ ಪುಸ್ತಿಕೆ ಇರಲಿಲ್ಲ, ಮಾರಿದವರು ಮೊದಲೇ ತಿಳಿಸಿರಲೂ ಇಲ್ಲ. ಕೊಳ್ಳುವವರು ಅದು ಇದೆಯೇ ಎಂದು ಕೇಳಿಯೇ ಹಣ ಕೊಡಬೇಕು.